ಅರಸನ ಎಳ್ಳೆಣ್ಣೆ, ದುಗ್ಧರಸದ ಹಾದಿ: ಒಂದು ಟಿಪ್ಪಣಿ

ವಿಜಯನಗರದ ಅರಮನೆಯ ಅಭ್ಯಂಗವನ್ನು, ಅಂದರೆ ಮೈಗೆ ಎಣ್ಣೆ ಹಚ್ಚಿ ನೀವುವುದನ್ನು, ಇಂದಿನ ಲಿಂಫ್ಯಾಟಿಕ್ ಡ್ರೈನೇಜ್ ಮಸಾಜಿನ ಪೂರ್ವರೂಪ ಎನ್ನಬಹುದೇ? ಆಧಾರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಬೇರೆ ಬೇರೆ ಎಂದೇ ಹೇಳಬೇಕಾಗುತ್ತದೆ. ಆದರೆ ಅವು ಕೂಡುವ ಒಂದು ಜಾಗವಿದೆ, ಅದು ಕನ್ನಡ ನಾಡಿಗೆ ಹತ್ತಿರದ್ದು.

ಮೊದಲ ಆಧಾರ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನದು. ಅವನು ವಿಜಯನಗರಕ್ಕೆ ಬಂದದ್ದು ಸುಮಾರು 1520ರಲ್ಲಿ. ಅವನ ಬರಹವನ್ನು ರಾಬರ್ಟ್ ಸ್ಯೂವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅದರ ಪ್ರಕಾರ ಅರಸ ಕೃಷ್ಣದೇವರಾಯ ನಸುಕಿಗೂ ಮುಂಚೆ ಎದ್ದು ಮುಕ್ಕಾಲು ಪೈಂಟಿನಷ್ಟು, ಅಂದರೆ ಸುಮಾರು 425 ಮಿಲಿಲೀಟರ್, ಎಳ್ಳೆಣ್ಣೆ ಕುಡಿಯುತ್ತಿದ್ದ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು, ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿ, ಮಣ್ಣಿನ ದೊಡ್ಡ ಭಾರಗಳನ್ನು ಎತ್ತುತ್ತಿದ್ದ. ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ಹಿಡಿದು ಸಾಮು ಮಾಡುತ್ತಿದ್ದ. ಆಮೇಲೆ ಜಟ್ಟಿಯೊಬ್ಬನೊಡನೆ ಕುಸ್ತಿ, ಬೆಳಕು ಹರಿಯುವವರೆಗೆ ಕುದುರೆ ಸವಾರಿ, ಕೊನೆಗೆ ಸ್ನಾನ. ಮಹಾನವಮಿ ದಿಬ್ಬದ ಕೆತ್ತನೆಗಳಲ್ಲೂ ಕುಸ್ತಿಯ ಜೋಡಿಗಳಿವೆ. ಈ ಎಣ್ಣೆ ಗರಡಿಯ ಎಣ್ಣೆ. ಅದರ ಜತೆಗಾರ ವ್ಯಾಯಾಮ.

ಇದಕ್ಕೆ ಹಿಂದಿನ ಪರಂಪರೆಯೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಉಪಭೋಗಗಳಲ್ಲಿ ಪಾದಾಭ್ಯಂಗಕ್ಕೆ ಬೇರೆಯದೇ ಸ್ಥಾನ ಕೊಡುತ್ತದೆ. ವಾಗ್ಭಟನ ಆಯುರ್ವೇದ ಗ್ರಂಥ ‘ಅಷ್ಟಾಂಗಹೃದಯ’ ದಿನವೂ ಅಭ್ಯಂಗ ಮಾಡಿಕೊಳ್ಳಬೇಕೆಂದು ಹೇಳುತ್ತದೆ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ. ಅಜೀರ್ಣವಾದವರಿಗೆ, ಕಫ ಹೆಚ್ಚಿದವರಿಗೆ ಅದು ಕೂಡದೆಂಬ ಎಚ್ಚರಿಕೆಯನ್ನೂ ಅಲ್ಲೇ ಕೊಡುತ್ತದೆ.

ದುಗ್ಧರಸದ (ಲಿಂಫ್) ನಾಳಗಳ ಕಥೆ ಬೇರೆ. ಇಟಲಿಯ ಗಾಸ್ಪಾರೆ ಅಸೆಲ್ಲಿ ನಾಯಿಯ ಕರುಳಿನ ಬಳಿ ಹಾಲಿನ ಬಣ್ಣದ ನಾಳಗಳನ್ನು ಗುರುತಿಸಿದ್ದು 1622ರಲ್ಲಿ, ಪಾಯಸ್ ಹಂಪಿ ಕಂಡ ನೂರು ವರ್ಷದ ಮೇಲೆ. ಡೆನ್ಮಾರ್ಕಿನ ಎಮಿಲ್ ವೊಡ್ಡರ್ ದಂಪತಿ ಫ್ರಾನ್ಸಿನಲ್ಲಿ ರೂಪಿಸಿದ ಲಿಂಫ್ಯಾಟಿಕ್ ಡ್ರೈನೇಜ್ ಮಸಾಜ್ ಕ್ರಮವನ್ನು ಪ್ಯಾರಿಸಿನಲ್ಲಿ ಜನರ ಮುಂದಿಟ್ಟದ್ದು 1936ರಲ್ಲಿ. ಆದ್ದರಿಂದ ಅರಸನ ಅಭ್ಯಂಗಕ್ಕೆ ಈ ಹೆಸರನ್ನು ಹಚ್ಚುವುದು ಕಾಲವಿರೋಧವಾಗುತ್ತದೆ.

ಎರಡರ ಕೈಚಳಕವೂ ಬೇರೆ. ರಕ್ತಕ್ಕೆ ಹೃದಯವಿರುವಂತೆ ದುಗ್ಧರಸಕ್ಕೆ ತನ್ನದೇ ಪಂಪು ಇಲ್ಲ. ನಾಳಗಳ ಸಂಕೋಚನ, ಸ್ನಾಯುಗಳ ಚಲನೆ ಮತ್ತು ಉಸಿರಾಟ ಅದನ್ನು ಮುಂದೆ ತಳ್ಳುತ್ತವೆ. ಕವಾಟಗಳು ಹಿಂದಕ್ಕೆ ಬರದಂತೆ ತಡೆಯುತ್ತವೆ. ಕೊನೆಗೆ ಅದು ಕತ್ತಿನ ಬುಡದ ರಕ್ತನಾಳಗಳನ್ನು ಸೇರುತ್ತದೆ. ಅದಕ್ಕೇ ಚಿಕಿತ್ಸಕರು ಕೈ ಹಚ್ಚುವುದು ಊದಿದ ಕಾಲಿಗೆ ಮೊದಲಲ್ಲ, ಕತ್ತಿನ ಬುಡಕ್ಕೆ. ಅಲ್ಲಿ ದಾರಿ ಬಿಡಿಸಿ, ಕಂಕುಳು ಅಥವಾ ತೊಡೆಸಂದಿಯ ಗ್ರಂಥಿಗಳ ಹತ್ತಿರ ನಿಧಾನವಾಗಿ ನೀವಿ, ಆಮೇಲೆ ಕಾಲಿಗೆ ಇಳಿಯುತ್ತಾರೆ. ಮೊದಲ ಸೂಕ್ಷ್ಮನಾಳಗಳು ಚರ್ಮದ ಕೆಳಗೇ ಇರುವುದರಿಂದ ಚರ್ಮ ತುಸು ಜಗ್ಗಿದರೆ ಸಾಕು. ಗರಡಿಯ ಒತ್ತು ಇಲ್ಲಿ ಬೇಡ.

ಉಪಯೋಗದ ಮಾತನ್ನು ಅಳೆದು ಹೇಳಬೇಕು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಬಳಿಕದ ಕೈಬಾವಿಗೆ, ಆನೆಕಾಲಿನ ಬಾವಿಗೆ ಈ ಮಸಾಜು ಚಿಕಿತ್ಸೆಯ ಒಂದು ಅಂಗ. ಚರ್ಮದ ಆರೈಕೆ, ಒತ್ತುಪಟ್ಟಿ, ವ್ಯಾಯಾಮ ಉಳಿದ ಅಂಗಗಳು. ಸ್ತನ ಕ್ಯಾನ್ಸರಿನ ನಂತರದ ಬಾವಿನ ಕುರಿತ 2015ರ ಕಾಕ್ರೇನ್ ಪರಿಶೀಲನೆ, ಒತ್ತುಪಟ್ಟಿಯ ಜತೆಗೆ ಮಸಾಜು ಸೇರಿದರೆ ಇನ್ನಷ್ಟು ಪ್ರಯೋಜನವಾಗಬಹುದು ಎಂದಿತು. ಆರೋಗ್ಯವಂತರಿಗೆ ಸಿಗುವುದು ವಿಶ್ರಾಂತಿ, ನೆಮ್ಮದಿ, ಅದೂ ಬೆಲೆಯುಳ್ಳದ್ದೇ. ಮೈಯ ‘ವಿಷ’ ಹೊರಹಾಕುತ್ತದೆ, ತೂಕ ಇಳಿಸುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ರಕ್ತನಾಳದಲ್ಲಿ ಹೆಪ್ಪು, ಹೃದಯ ವೈಫಲ್ಯ, ಜ್ವರದೊಡನೆ ಕೆಂಪೇರಿದ ಚರ್ಮ ಇದ್ದವರಿಗೆ ವೈದ್ಯರ ಅನುಮತಿಯಿಲ್ಲದೆ ಇದನ್ನು ಮಾಡಲೇಬಾರದು.

ಎರಡು ಪರಂಪರೆಗಳೂ ಕೂಡಿದ ಜಾಗ ಕಾಸರಗೋಡು. ಅಲ್ಲಿ ಡಾ. ಎಸ್. ಆರ್. ನರಹರಿ ಅವರ ನೇತೃತ್ವದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯು ಆನೆಕಾಲಿನ ರೋಗಿಗಳಿಗೆ ಸೋಪಿನಿಂದ ತೊಳೆಯುವುದು, ಆಯುರ್ವೇದದ ಔಷಧಿ ನೀರಿನಲ್ಲಿ ಕಾಲು ನೆನೆಸುವುದು, ಯೋಗ, ದುಗ್ಧರಸದ ದಾರಿ ಹಿಡಿದು ಮಾಡುವ ಮಸಾಜು ಮತ್ತು ಒತ್ತುಪಟ್ಟಿಯನ್ನು ಒಂದೇ ಕ್ರಮವಾಗಿ ಜೋಡಿಸಿತು. ಆ ಕ್ರಮವನ್ನು ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ರೋಗಿಗಳಿಗೆ ಕಲಿಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿತು. ಇಲ್ಲಿ ಆಯುರ್ವೇದವನ್ನು ಹೊಗಳಿ ಕೈಬಿಟ್ಟಿಲ್ಲ. ಕಾಲಿನ ಗಾತ್ರ ಅಳೆದು ಪರೀಕ್ಷೆಗೆ ಒಡ್ಡಿದ್ದಾರೆ.

ಹಂಪಿಯ ಇತಿಹಾಸ ಬರೆಯುವವರು ಅರಸನ ಎಣ್ಣೆಯನ್ನು ವ್ಯಾಯಾಮದಿಂದ ಬೇರ್ಪಡಿಸದೆ ವಿವರಿಸಲಿ. ಹೊಸಪೇಟೆ, ಸಂಡೂರು, ಕಂಪ್ಲಿಯ ಕಡೆ ಮಸಾಜು ಕಲಿಸುವವರು ಕಾಸರಗೋಡಿನ ಕ್ರಮವನ್ನು ಅಭ್ಯಾಸ ಮಾಡಲಿ. ಊದಿದ ಕಾಲು ಹೊತ್ತು ದುಡಿಯುವವರಿಗೆ ಬೇಕಾದ್ದು ಸುವಾಸನೆಯ ಎಣ್ಣೆಗಿಂತ ಮೊದಲು ಸರಿಯಾದ ರೋಗನಿರ್ಣಯ, ಆಮೇಲೆ ಮನೆಯಲ್ಲೇ ದಿನವೂ ಮಾಡಿಕೊಳ್ಳಬಲ್ಲ ಆರೈಕೆ.