ಅಟ್ಲಾಂಟಿಕ್‌ನ ಶಾಖವಾಹಿನಿ ಸೊರಗಿದರೆ?

ಜನವರಿಯಲ್ಲಿ ಲಂಡನ್ ನಗರದ ಸರಾಸರಿ ತಾಪಮಾನ ಸುಮಾರು 5 ಡಿಗ್ರಿ ಸೆಲ್ಸಿಯಸ್. ಅಟ್ಲಾಂಟಿಕ್ ಸಾಗರದಾಚೆ, ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿರುವ ಕೆನಡಾದ ಗೂಸ್ ಬೇ ಪಟ್ಟಣದಲ್ಲಿ ಆ ತಿಂಗಳ ಸರಾಸರಿ ಶೂನ್ಯಕ್ಕಿಂತ 15 ಡಿಗ್ರಿಗೂ ಕೆಳಗೆ. ಗಾಳಿ ಬೀಸುವ ದಿಕ್ಕೂ ಇದಕ್ಕೆ ಕಾರಣವೆನ್ನಬೇಕು. ಆದರೆ ಯುರೋಪಿನತ್ತ ಶಾಖ ಹೊತ್ತು ತರುವ ಸಾಗರ ಪ್ರವಾಹದ ಪಾಲೂ ಕಡಿಮೆಯದಲ್ಲ.

ಸಮಭಾಜಕ ವೃತ್ತದ ಆಸುಪಾಸಿನ ಪ್ರದೇಶ ತಾನು ಹೊರಸೂಸುವುದಕ್ಕಿಂತ ಹೆಚ್ಚಿನ ಶಾಖವನ್ನು ಸೂರ್ಯನಿಂದ ಪಡೆಯುತ್ತದೆ. ಧ್ರುವಗಳಲ್ಲಿ ಇದು ತಿರುವುಮುರುವು. ಈ ಅಂತರವನ್ನು ಗಾಳಿ ಮತ್ತು ಸಾಗರಗಳು ಸೇರಿ ತಗ್ಗಿಸುತ್ತವೆ. ಅಟ್ಲಾಂಟಿಕ್‌ನಲ್ಲಿ ಈ ಕೆಲಸ ನಿರ್ವಹಿಸುವ ಮಹಾಪ್ರವಾಹವನ್ನು ವಿಜ್ಞಾನಿಗಳು ಸಂಕ್ಷಿಪ್ತವಾಗಿ ‘ಎಮಾಕ್’ ಎನ್ನುತ್ತಾರೆ. ಬೆಚ್ಚಗಿನ, ಲವಣಾಂಶ ಹೆಚ್ಚಿರುವ ಮೇಲ್ಮೈ ನೀರು ಉತ್ತರಾಭಿಮುಖವಾಗಿ ಹರಿದು, ಗ್ರೀನ್‌ಲ್ಯಾಂಡ್ ಹಾಗೂ ಐಸ್‌ಲ್ಯಾಂಡ್ ಸುತ್ತಲಿನ ಸಮುದ್ರಗಳಲ್ಲಿ ತನ್ನ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ತಣಿದ ಉಪ್ಪುನೀರು ಭಾರವಾಗಿ ತಳಕ್ಕಿಳಿದು, ಆಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ.

ಬಹಾಮಾ ದ್ವೀಪಗಳಿಂದ ಆಫ್ರಿಕಾ ಕರಾವಳಿಯವರೆಗೆ ಸಾಗರದಲ್ಲಿ ಇಳಿಬಿಟ್ಟಿರುವ ಉಪಕರಣಗಳು 2004ರಿಂದ ಈ ಹರಿವನ್ನು ಅಳೆಯುತ್ತಿವೆ. ಅಲ್ಲಿ ಅದರ ಪ್ರಮಾಣ ಸೆಕೆಂಡಿಗೆ ಸರಾಸರಿ 1.7 ಕೋಟಿ ಘನ ಮೀಟರ್. ಜಗತ್ತಿನ ಎಲ್ಲ ನದಿಗಳು ಸೇರಿ ಸಮುದ್ರಕ್ಕೆ ಸುರಿಯುವ ನೀರಿನ ಹತ್ತು ಪಟ್ಟಿಗೂ ಅಧಿಕ. ಅಲ್ಲಿ ಸಾಗರ ಉತ್ತರಕ್ಕೆ ಒಯ್ಯುವ ಶಾಖ ಒಂದು ಲಕ್ಷ ಕೋಟಿ ಕಿಲೋವ್ಯಾಟ್ ಮೀರುತ್ತದೆ.

ಭೂಮಿಯ ಉಷ್ಣಾಂಶ ಏರಿದಂತೆ ಗ್ರೀನ್‌ಲ್ಯಾಂಡ್‌ನ ಹಿಮ ಕರಗಿ ಸಿಹಿನೀರು ಸಾಗರ ಸೇರುತ್ತಿದೆ. ಸಿಹಿನೀರು ಬೆರೆತ ಉಪ್ಪುನೀರು ಹಗುರವಾಗುವುದರಿಂದ ಸುಲಭವಾಗಿ ಮುಳುಗುವುದಿಲ್ಲ, ಪ್ರವಾಹ ಸೊರಗುತ್ತದೆ. ಕಳೆದ ಶತಮಾನದಿಂದೀಚೆಗೆ ಜಗತ್ತಿನ ಬಹುತೇಕ ಭಾಗ ಬಿಸಿಯೇರಿದ್ದರೂ ಗ್ರೀನ್‌ಲ್ಯಾಂಡ್‌ನ ದಕ್ಷಿಣದ ಸಾಗರಭಾಗವೊಂದು ತಂಪಾಗಿದೆ. ಇದು ಎಮಾಕ್ ಕುಂದಿರುವುದರ ಲಕ್ಷಣವೆಂಬುದು ಹಲವು ತಜ್ಞರ ವಾದ. ಎರಡು ದಶಕಗಳ ನೇರ ಮಾಪನದಿಂದಲೇ ಅದನ್ನು ಖಚಿತಪಡಿಸುವುದು ಕಷ್ಟ; ಪ್ರವಾಹದಲ್ಲಿ ಸಹಜ ಏರಿಳಿತಗಳೂ ಇವೆ.

ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯ 2021ರ ವರದಿಯ ಪ್ರಕಾರ, ಈ ಶತಮಾನದಲ್ಲಿ ಎಮಾಕ್ ದುರ್ಬಲಗೊಳ್ಳುವುದು ಬಹುತೇಕ ನಿಶ್ಚಿತ. 2100ಕ್ಕೆ ಮುನ್ನ ಹಠಾತ್ತನೆ ಕುಸಿಯದು ಎಂಬ ಬಗ್ಗೆ ಸಮಿತಿಗಿರುವುದು ಮಧ್ಯಮ ಮಟ್ಟದ ವಿಶ್ವಾಸ ಮಾತ್ರ. 2004ರ ಹಾಲಿವುಡ್ ಚಿತ್ರ ‘ದಿ ಡೇ ಆಫ್ಟರ್ ಟುಮಾರೋ’ದಲ್ಲಿ ತೋರಿಸಿದಂತೆ ನ್ಯೂಯಾರ್ಕ್ ಕೆಲವೇ ದಿನಗಳಲ್ಲಿ ಹೆಪ್ಪುಗಟ್ಟುವುದು ಬರೀ ಕಲ್ಪನೆ.

ಪರಿಣಾಮ ಯುರೋಪಿಗಷ್ಟೇ ಸೀಮಿತವಲ್ಲ. ಉತ್ತರಕ್ಕೆ ಹೋಗಬೇಕಾದ ಶಾಖ ದಕ್ಷಿಣದಲ್ಲೇ ಉಳಿದರೆ, ಉಷ್ಣವಲಯದ ಮಳೆಪಟ್ಟಿಯೂ ದಕ್ಷಿಣಕ್ಕೆ ಸರಿಯುತ್ತದೆ. ಪ್ರವಾಹ ಕುಸಿದಲ್ಲಿ ಏಷ್ಯಾ ಮತ್ತು ಆಫ್ರಿಕಾದ ಮುಂಗಾರು ಕ್ಷೀಣಿಸುವ ಸಂಭವವಿದೆ ಎಂದು ಅದೇ ವರದಿ ಹೇಳುತ್ತದೆ. ಕರ್ನಾಟಕದ ಜೂನ್ ಮಳೆಯೂ ಆ ಮುಂಗಾರಿನದೇ. ಸುಮಾರು 12,900 ವರ್ಷಗಳ ಹಿಂದೆ ಈ ಪ್ರವಾಹ ಸೊರಗಿ, ಉತ್ತರ ಅಟ್ಲಾಂಟಿಕ್ ಪ್ರದೇಶ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ತಣ್ಣಗಾಗಿತ್ತು ಎಂಬುದು ಬಹುತೇಕ ವಿಜ್ಞಾನಿಗಳ ಅಭಿಮತ. ಆ ಅವಧಿಯಲ್ಲಿ ಮುಂಗಾರು ಬಡವಾಗಿದ್ದ ಗುರುತು ಅರಬ್ಬೀ ಸಮುದ್ರದ ತಳದ ಕೆಸರಿನಲ್ಲಿ ಉಳಿದಿದೆ.