ಡ್ವಾರ್ಫ್ ಫೋರ್ಟ್ರೆಸ್: ಹೊಸ ಪಾತ್ರವನ್ನು ಪಳಗಿಸುವ ಬಗೆ

ಕಲ್ಪನಾಲೋಕವೊಂದರ ಬದುಕನ್ನೇ ಕಂಪ್ಯೂಟರಿನಲ್ಲಿ ಕಟ್ಟಿ ನಿಲ್ಲಿಸುವ ಆಟಗಳ ಪೈಕಿ 'ಡ್ವಾರ್ಫ್ ಫೋರ್ಟ್ರೆಸ್'ಗೆ ವಿಶಿಷ್ಟ ಸ್ಥಾನವಿದೆ. ಅಮೆರಿಕದ ಸಹೋದರರಾದ ಟಾರ್ನ್ ಆಡಮ್ಸ್ ಮತ್ತು ಜಾಕ್ ಆಡಮ್ಸ್ 2002ರಲ್ಲಿ ಇದರ ರಚನೆಗೆ ತೊಡಗಿದರು. 2006ರ ಆಗಸ್ಟ್‌ನಲ್ಲಿ ಆಟ ಸಾರ್ವಜನಿಕರ ಕೈಸೇರಿತು. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ಇದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅಭಿಮಾನಿಗಳ ದೇಣಿಗೆಯನ್ನು ನೆಚ್ಚಿಕೊಂಡು ಉಚಿತವಾಗಿ ಹಂಚಿಕೆಯಾಗುತ್ತಿದ್ದ ಈ ಆಟದ ಚಿತ್ರಸಹಿತ ಆವೃತ್ತಿ 2022ರ ಡಿಸೆಂಬರ್ 6ರಂದು ಸ್ಟೀಮ್ ಮಳಿಗೆಯಲ್ಲಿ ಮಾರಾಟಕ್ಕೆ ಬಂದಿತು. ಹಳೆಯ ಮಾದರಿಯ ಉಚಿತ ಆವೃತ್ತಿ ಈಗಲೂ ಲಭ್ಯವಿದೆ.

ಇಲ್ಲಿ ಸತ್ತ ಪಾತ್ರ ಮರಳಿ ಬಾರದು. ಆದರೆ ಆ ಲೋಕ ನಿಲ್ಲುವುದಿಲ್ಲ. ಅದೇ ಲೋಕಕ್ಕೆ ಮತ್ತೊಬ್ಬ ಸಾಹಸಿಯಾಗಿ ಕಾಲಿಟ್ಟರೆ ಹಿಂದಿನವನ ಶವ ಬಿದ್ದಿರುವ ಸ್ಥಳವನ್ನೂ ಕಾಣಬಹುದು. ಆದ್ದರಿಂದಲೇ ಹೊಸ ಪಾತ್ರಕ್ಕೆ ಆರಂಭದಲ್ಲಿ ನೀಡುವ ತರಬೇತಿ ಅದರ ಅಳಿವು ಉಳಿವನ್ನು ನಿರ್ಧರಿಸುತ್ತದೆ.

ಕೌಶಲದ ಮೆಟ್ಟಿಲುಗಳು

ಯಾವುದೇ ಕೆಲಸವನ್ನು ಮಾಡುತ್ತ ಮಾಡುತ್ತಲೇ ಕಲಿಯುವುದು ಈ ಆಟದ ನಿಯಮ. 'ಡ್ಯಾಬ್ಲಿಂಗ್' ಎಂಬುದು ಕೆಳಗಿನ ಹಂತ. ಅಲ್ಲಿಂದ 'ನಾವಿಸ್' ಆಗಲು 500 ಅನುಭವಾಂಕಗಳು ಬೇಕು. ಮುಂದಿನ ಪ್ರತಿ ಮೆಟ್ಟಿಲಿಗೂ ಹಿಂದಿನದಕ್ಕಿಂತ 100 ಅಂಕ ಹೆಚ್ಚು. ಹೀಗೆ ಹದಿನೈದನೆಯ ಮೆಟ್ಟಿಲಾದ 'ಲೆಜೆಂಡರಿ' ತಲುಪುವಷ್ಟರಲ್ಲಿ ಒಟ್ಟು 18,000 ಅಂಕಗಳಾಗಿರುತ್ತವೆ.

ಶಕ್ತಿ, ಚುರುಕುತನ, ಸಹಿಷ್ಣುತೆ ಮುಂತಾದ ದೇಹಗುಣಗಳೂ ಬಳಕೆಯಿಂದ ಬೆಳೆಯುತ್ತವೆ. ಆದರೆ ಅವು ಎಷ್ಟು ಬೆಳೆಯಬಲ್ಲವು ಎಂಬುದು ಆರಂಭದಲ್ಲಿ ಎಷ್ಟಿದ್ದವು ಎಂಬುದನ್ನು ಅವಲಂಬಿಸಿದೆ. ಆದಕಾರಣ ಪಾತ್ರವನ್ನು ರೂಪಿಸುವಾಗ ದೇಹಗುಣಗಳಿಗೆ ಧಾರಾಳವಾಗಿ ಅಂಕ ನೀಡುವುದು ಜಾಣತನ. ಕೌಶಲಗಳನ್ನು ಅನಂತರವೂ ಗಳಿಸಬಹುದು.

ಇದಕ್ಕೆ ಈಜು ಅಪವಾದ. ಈಜು ಬಾರದವನು ಆಳದ ನೀರಿಗೆ ಬಿದ್ದರೆ ಮುಳುಗಿ ಸಾಯುವ ಸಂಭವವೇ ಹೆಚ್ಚು. ಆರಂಭದಲ್ಲೇ ಈಜಿಗೆ ಒಂದು ಮೆಟ್ಟಿಲಿನಷ್ಟಾದರೂ ಅಂಕ ಮೀಸಲಿಡುವುದು ಕ್ಷೇಮಕರ.

ಒಂಟಿ ಸಾಹಸಿಯ ಅಭ್ಯಾಸ

ಅಡ್ವೆಂಚರ್ ಮೋಡ್‌ನಲ್ಲಿ ಆಟಗಾರ ಒಬ್ಬನೇ ಪಾತ್ರವನ್ನು ನಡೆಸುತ್ತಾನೆ. ಅಪಾಯವಿಲ್ಲದೆ ಕಲಿಯಬಹುದಾದ ವಿದ್ಯೆಗಳು ಹೀಗಿವೆ:

ಎಸೆತ: ನೆಲದ ಮೇಲಿನ ಕಲ್ಲುಗಳನ್ನು ಹೆಕ್ಕಿ ಎಸೆಯುತ್ತಿದ್ದರೆ ಸಾಕು. ದೂರದಿಂದಲೇ ಶತ್ರುವನ್ನು ಗಾಯಗೊಳಿಸುವ ಸಾಮರ್ಥ್ಯ ಖರ್ಚಿಲ್ಲದೆ ದೊರೆಯುತ್ತದೆ.

ಮರೆಯ ನಡಿಗೆ: ಅಡಗಿ ನಡೆಯುವುದನ್ನು ರೂಢಿಸಿಕೊಂಡರೆ ಪ್ರಯಾಣವೇ ಪಾಠವಾಗುತ್ತದೆ.

ಮರ ಹತ್ತುವುದು: ಏರುವ ಕೌಶಲ ಬೆಳೆಯುತ್ತದೆ. ಬೆನ್ನಟ್ಟಿ ಬರುವ ಮೃಗದಿಂದ ಪಾರಾಗಲು ಇದು ಸಹಕಾರಿ. ತೀರ ಎತ್ತರದಿಂದ ಬಿದ್ದರೆ ಮೂಳೆ ಮುರಿಯುವುದು ಖಚಿತ.

ಮಲ್ಲವಿದ್ಯೆ: ದುರ್ಬಲ ಪ್ರಾಣಿಯನ್ನು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಅದೇ ಪ್ರಾಣಿ ತಿರುಗಿ ಬಿದ್ದಾಗ ಗುರಾಣಿಯಿಂದ ತಡೆಯುವ, ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಅಭ್ಯಾಸವೂ ಆಗುತ್ತದೆ.

ಇಷ್ಟಾದ ಮೇಲೆ ಊರಿನಲ್ಲಿ ಒಬ್ಬಿಬ್ಬರು ಸಂಗಾತಿಗಳನ್ನು ಒಪ್ಪಿಸಿ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಶತ್ರುಗಳ ಹೊಡೆತ ಒಬ್ಬನ ಮೇಲೆಯೇ ಬೀಳದಂತೆ ಅದು ತಡೆಯುತ್ತದೆ.

ಕೋಟೆಯ ಪಡೆಗೆ ತರಬೇತಿ

ಫೋರ್ಟ್ರೆಸ್ ಮೋಡ್‌ನಲ್ಲಿ ಆಟಗಾರ ಕುಬ್ಜರ ಇಡೀ ನೆಲೆಯನ್ನೇ ನೋಡಿಕೊಳ್ಳಬೇಕು. ವಲಸೆ ಬಂದವರನ್ನು ಪಡೆಗೆ ಸೇರಿಸಿ, ಬ್ಯಾರಕ್ಸ್ ಗುರುತಿಸಿ, ತರಬೇತಿಯ ಆದೇಶ ನೀಡಿದರೆ ಅವರು ಒಬ್ಬೊಬ್ಬರಾಗಿ ವ್ಯಾಯಾಮ ಮಾಡುತ್ತಾರೆ, ಪರಸ್ಪರ ಸೆಣಸಿ ಕಲಿಯುತ್ತಾರೆ. ಬಲ್ಲವನೊಬ್ಬ ಪಟ್ಟುಗಳನ್ನು ತೋರಿಸಿದಾಗ ಅವನಲ್ಲಿ ಬೋಧನೆಯ, ಉಳಿದವರಲ್ಲಿ ಗ್ರಹಣದ ಕೌಶಲವೂ ವೃದ್ಧಿಸುತ್ತದೆ. ಒಂದು ಪಡೆಯಲ್ಲಿ ಹತ್ತು ಮಂದಿಗೆ ಅವಕಾಶವಿದ್ದರೂ ಇಬ್ಬರು ಮೂವರ ಚಿಕ್ಕ ಪಡೆಗಳು ಬೇಗ ಪಳಗುತ್ತವೆ ಎಂಬುದು ಅನುಭವಿ ಆಟಗಾರರ ಅಭಿಮತ.

ಗಣಿ ಅಗೆಯುವವರನ್ನು ಕಡೆಗಣಿಸುವಂತಿಲ್ಲ. ಪಿಕಾಸಿಯಿಂದ ಹೊಡೆಯುವಾಗ ಗಣಿಗಾರಿಕೆಯ ಕೌಶಲವೇ ಲೆಕ್ಕಕ್ಕೆ ಬರುತ್ತದೆ. ವರ್ಷಗಟ್ಟಲೆ ಬಂಡೆ ಕೊರೆದವನು ಶತ್ರು ಬಾಗಿಲಿಗೆ ಬಂದ ದಿನ ನುರಿತ ಯೋಧನಂತೆಯೇ ನಿಲ್ಲಬಲ್ಲ.

ವಿರಾಮವೂ ಅಗತ್ಯ

ತರಬೇತಿ ಅತಿಯಾದರೂ ಹಾನಿಯೇ. ಕುಬ್ಜರಿಗೆ ಪಾನೀಯ, ಪ್ರಾರ್ಥನೆ, ಗೆಳೆಯರೊಡನೆ ಮಾತುಕತೆಗಳೂ ಬೇಕು. ಇವು ದೊರೆಯದಿದ್ದರೆ ಏಕಾಗ್ರತೆ ಕುಗ್ಗಿ, ಕಲಿತ ಕೌಶಲವೂ ಪೂರ್ಣ ಫಲ ನೀಡದು. ಇತ್ತ ಬಹುಕಾಲ ಬಳಸದ ವಿದ್ಯೆಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಪಡೆಗಳನ್ನು ಸರದಿಯ ಮೇಲೆ ತರಬೇತಿಗೂ ವಿರಾಮಕ್ಕೂ ಕಳುಹಿಸುವ ಕ್ರಮವೇ ಲೇಸು.

'ಸೋಲುವುದೇ ಮೋಜು' ಎಂಬುದು ಈ ಆಟದವರ ನಡುವೆ ಜನಜನಿತವಾದ ಮಾತು. ಸೋಲು ಬಂದೇ ಬರುತ್ತದೆ. ಅದು ಮೊದಲ ದಿನವೇ ಬಾರದಂತೆ ನೋಡಿಕೊಳ್ಳುವುದಷ್ಟೇ ತರಬೇತಿಯ ಉದ್ದೇಶ.