ಬಸಳೆಯ ಚರಿತ್ರೆ

ಬಸಳೆ ಕರಾವಳಿಯ ಹಿತ್ತಿಲ ಬಳ್ಳಿ. ದಪ್ಪನೆಯ ಹೊಳೆಯುವ ಎಲೆ, ರಸ ತುಂಬಿದ ದಂಟು, ಕತ್ತರಿಸಿದರೆ ಕೈಗಂಟುವ ಲೋಳೆ ಇದರ ಗುರುತು. ದಂಟು ಹಸಿರಾಗಿರುವ ಬಗೆಯೂ ಉಂಟು, ಕೆಂಪಾಗಿರುವುದೂ ಉಂಟು. ಇಂಗ್ಲಿಷಿನವರು ಮಲಬಾರ್ ಸ್ಪಿನಾಚ್ ಎಂದರೂ ಪಾಲಕಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ಬಸಳೆಯ ಕುಲದಲ್ಲಿರುವ ಪ್ರಭೇದಗಳು ಐದು. ಉಳಿದ ನಾಲ್ಕೂ ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕಾದ ಕಾಡುಬಳ್ಳಿಗಳು. ಏಷ್ಯಾದ ಅಡುಗೆಮನೆ ಹೊಕ್ಕದ್ದು ಇದೊಂದೇ.

ಹಳೆಯ ಗ್ರಂಥಗಳಲ್ಲಿ ಬಸಳೆ ಕಾಣಿಸುವುದು ಹೆಚ್ಚಾಗಿ ಮದ್ದಿನ ನೆಪದಲ್ಲಿ. ಚರಕ ಸಂಹಿತೆ ಇದನ್ನು ಉಪೋದಿಕಾ ಎಂದು ಕರೆದು, ಸಿಹಿ, ಜಿಡ್ಡು, ತಂಪು, ಅಮಲಿಳಿಸುವಂಥದ್ದು ಎಂದು ಗುಣ ಹೇಳುತ್ತದೆ. ಎಳ್ಳು ಅರೆದು ಹಾಕಿ ಬೇಯಿಸಿದರೆ ಹೊಟ್ಟೆ ಕೆಡುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿದೆ. ತೆಂಗಿನಕಾಯಿ ಅರೆಯುವ ಕರಾವಳಿಯವರಿಗೆ ಆ ಭಯವಿಲ್ಲ. ಚೀನಾದಲ್ಲಿ 536ರಲ್ಲಿ ತೀರಿಕೊಂಡ ವೈದ್ಯ ವಿದ್ವಾಂಸ ತಾವೊ ಹಾಂಗ್‌ಜಿಂಗ್, ಜನ ಇದನ್ನು ಮನೆಗಳಲ್ಲಿ ನೆಡುತ್ತಾರೆ, ಹೆಂಗಸರು ಇದರ ನೇರಳೆ ಬಣ್ಣದ ಹಣ್ಣಿನ ರಸದಲ್ಲಿ ಪುಡಿ ನೆನೆಸಿ ಮುಖಕ್ಕೆ ಹಚ್ಚಿಕೊಳ್ಳುತ್ತಾರೆ ಎಂದು ಬರೆದಿಟ್ಟಿದ್ದಾನೆ. ಮಾಗಿದ ಹಣ್ಣು ಹಿಸುಕಿದವರಿಗೆ ಇದು ಸೋಜಿಗವೆನಿಸದು: ಬಣ್ಣ ಬೆರಳಿಗೆ ಹತ್ತಿದರೆ ಬೇಗ ಬಿಡುವುದಿಲ್ಲ.

ಯುರೋಪಿಗೆ ಬಸಳೆಯ ಪರಿಚಯವಾದ ಬಗೆ ಸ್ಪಷ್ಟವಾಗಿ ದಾಖಲಾಗಿದೆ. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಚಿತ್ರ, ವಿವರ ಸಂಗ್ರಹಿಸಿ 'ಹಾರ್ಟಸ್ ಮಲಬಾರಿಕಸ್' ಮಾಡಿಸಿದ. ಅದರ 12 ಸಂಪುಟಗಳು 1678ರಿಂದ 1693ರ ನಡುವೆ ಆಂಸ್ಟರ್‌ಡಾಂನಲ್ಲಿ ಅಚ್ಚಾದವು. ತಿಳಿವಳಿಕೆ ಕೊಟ್ಟವರಲ್ಲಿ ಈಳವ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ವೈದ್ಯರಾದ ರಂಗ ಭಟ್, ಅಪ್ಪು ಭಟ್, ವಿನಾಯಕ ಪಂಡಿತ್ ಪ್ರಮುಖರು. ಬಸಳೆಯ ಚಿತ್ರ ಏಳನೆಯ ಸಂಪುಟದಲ್ಲಿ, ಬಸೆಲ್ಲ ಎಂಬ ಹೆಸರಿನೊಂದಿಗೆ ಬಂದಿತು. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದನ್ನೇ ಕುಲದ ಹೆಸರಾಗಿಸಿ, ಹಸಿರು ಮತ್ತು ಕೆಂಪು ಬಗೆಗಳಿಗೆ ಬೇರೆ ಬೇರೆ ಹೆಸರಿಟ್ಟ. ಇವತ್ತಿನ ಸಸ್ಯಶಾಸ್ತ್ರ ಎರಡನ್ನೂ ಒಂದೇ ಎನ್ನುತ್ತದೆ. ಅಡುಗೆ ಮಾಡುವವರಿಗಂತೂ ಈ ಪ್ರಶ್ನೆ ಎಂದೂ ಎದ್ದಂತಿಲ್ಲ.

ಊಟದ ಸೊಪ್ಪಾಗಿ ಬಸಳೆ ಹರಡಿದ ದಾರಿಗೆ ಇಂಥ ದಾಖಲೆ ಕಡಿಮೆ. ಕಾರಣ ಸರಳ: ಬೀಜ ಕೊಳ್ಳಬೇಕಿರಲಿಲ್ಲ. ಬಲಿತ ದಂಟಿನ ಒಂದು ತುಂಡನ್ನು ಗೆಣ್ಣು ಮಣ್ಣಿನೊಳಗಿರುವಂತೆ ಊರಿದರೆ ಬೇರು ಬಿಡುತ್ತದೆ. ನೆರೆಮನೆಯಿಂದ, ತವರಿನಿಂದ ತಂದು ನೆಟ್ಟ ಗಿಡಕ್ಕೆ ಲೆಕ್ಕ ಬರೆಯುವವರು ಯಾರು? ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಬಾವಿಕಟ್ಟೆಯ ಬದಿಗೋ ಬಚ್ಚಲ ನೀರು ಹರಿಯುವಲ್ಲಿಗೋ ನಾಲ್ಕು ಕಂಬ ಹುಗಿದು, ಅಡ್ಡಕ್ಕೆ ಕೋಲು ಕಟ್ಟಿದರೆ ಬಸಳೆ ಚಪ್ಪರವಾಯಿತು. ಬುಡಕ್ಕೆ ಹಟ್ಟಿಗೊಬ್ಬರ, ಹಂಡೆ ಒಲೆಯ ಬೂದಿ. ಕುಡಿ ಚಿವುಟಿದಷ್ಟೂ ಪಕ್ಕದಲ್ಲಿ ಚಿಗುರುತ್ತದೆ.

ಅಡುಗೆಯ ಕ್ರಮ ಈ ಸೊಪ್ಪಿನ ಗುಣವನ್ನು ಅರಿತೇ ಬೆಳೆದದ್ದು. ದಂಟನ್ನು ಬೆರಳುದ್ದಕ್ಕೆ ಹೆಚ್ಚಿ ಮೊದಲು ಬೇಯಿಸುತ್ತಾರೆ. ಎಲೆ ಸೇರುವುದು ಕೊನೆಗೆ, ಬಾಡಿದರೆ ಸಾಕು. ಲೋಳೆ ಹಿಡಿತಕ್ಕೆ ಬರಬೇಕಾದರೆ ಹುಳಿ ಬೇಕು, ಅದಕ್ಕೇ ತೆಂಗಿನಕಾಯಿಯ ಜೊತೆ ಹುಣಸೆಹಣ್ಣನ್ನೂ ಅರೆಯುತ್ತಾರೆ. ಈಗ ಬಿಟ್ಟಿರಲಾಗದ ಕೆಂಪು ಮೆಣಸು ಪೋರ್ಚುಗೀಸರು ಬಂದ ಮೇಲಿನದು. ಅದಕ್ಕೂ ಮುಂಚೆ ಖಾರವೆಂದರೆ ಕಾಳುಮೆಣಸು. ತುಳುವರ ಬಸಳೆ ಗಸಿ ಎಂಬ ಮಂದ ಸಾರಿಗೆ ಹುರುಳಿ, ಸಿಗಡಿ, ಮರುವಾಯಿ ಎಂಬ ಚಿಪ್ಪುಮೀನು ಎಲ್ಲವೂ ಒಗ್ಗುತ್ತವೆ. ಹುರುಳಿಯಾದರೆ ಮೊದಲೇ ಬೇಯಿಸಿಟ್ಟಿರಬೇಕು. ಹಲಸಿನ ಬೀಜ ಹಾಕುವ ಮನೆಗಳೂ ಇವೆ. ಕೊಂಕಣಿಗರು ತೊಗರಿಬೇಳೆಯೊಂದಿಗೆ ಮಾಡುವ ವಾಲಿ ಅಂಬಟ್‌ಗೆ ಈರುಳ್ಳಿಯ ಒಗ್ಗರಣೆ. ಬಂಗಾಳದಲ್ಲಿ ಇದೇ ಸೊಪ್ಪು ಪುಯಿ ಶಾಕ್ ಆಗಿ ಹಿಲ್ಸಾ ಮೀನಿನ ತಲೆಯೊಂದಿಗೆ ಬೇಯುತ್ತದೆ.

ಇತ್ತೀಚೆಗೆ ಬಸಳೆ ಹಿತ್ತಿಲಿನಿಂದ ಗದ್ದೆಗೂ ಇಳಿದಿದೆ. ಸಾಲು ಚಪ್ಪರ ಹಾಕಿ ಪೇಟೆಗೆ ಕಳಿಸುವ ಬೆಳೆಗಾರರಿದ್ದಾರೆ. ಮಂಗಳೂರು, ಉಡುಪಿಯ ಅಂಗಡಿಗಳಲ್ಲಿ ಅದು ಎಲೆ, ದಂಟು ಸಮೇತ ಉದ್ದನೆಯ ಕಟ್ಟುಗಳಲ್ಲಿ ಸಿಗುತ್ತದೆ. ಮುಂಬೈಗೆ ಹೋದ ಕರಾವಳಿಯವರು ಅಲ್ಲಿನ ತರಕಾರಿಯವರಲ್ಲಿ ಮಾಯಾಳು ಎಂದು ಕೇಳಿ ಕೊಳ್ಳುತ್ತಾರೆ. ಎಲೆ ಬಿಡಿಸಿಕೊಂಡ ಮೇಲೆ ಉಳಿದ ಬಲಿತ ದಂಟನ್ನು ಬಾಲ್ಕನಿಯ ಕುಂಡಕ್ಕೆ ಊರುವುದೂ ಉಂಟು.